ಬಣ್ಣ ಹಚ್ಚಿದ ಜುನಿಪರ್

ತಂಗಿಯ ಗಿಡವನ್ನು ನಾನು ಕೊಂದೆ ಎಂದು ನನ್ನ ಹೆಂಡತಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅವಳು ಹೇಳುವುದು ಅರ್ಧ ಕಥೆ. ಉಳಿದ ಅರ್ಧ ಇನ್ನೂ ಕೆಟ್ಟದ್ದು.

ನಮ್ಮದು ಬನಹಟ್ಟಿ. ಮನೆಯ ಮುಂದಿನ ಭಾಗದಲ್ಲಿ ನಾವಿರುತ್ತೇವೆ, ಹಿಂದಿನ ಭಾಗದಲ್ಲಿ ಪವರ್‌ಲೂಮುಗಳಿವೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನು. ತಂಗಿ ಜಮಖಂಡಿಯಲ್ಲಿ ಕಾಲೇಜು ಕಲಿತು ಶಾಲೆಯ ಟೀಚರಬಾಯಿ ಆದಳು, ಮದುವೆಯಾಗಿ ಬೀಳಗಿಯಲ್ಲಿದ್ದಳು. ಈಚೆಗೆ ಗಂಡ ಹೆಂಡತಿ ಇಬ್ಬರಿಗೂ ಮುಧೋಳಕ್ಕೆ ವರ್ಗವಾಯಿತು. ಅಲ್ಲಿ ಒಳ್ಳೆಯ ಬಾಡಿಗೆ ಮನೆ ಸಿಗುವವರೆಗೆ ಸಾಮಾನೆಲ್ಲ ಅವಳ ಅತ್ತೆಯ ಮನೆಗೆ ಹೋಯಿತು, ಗಿಡ ಮಾತ್ರ ನನ್ನ ಪಾಲಿಗೆ ಬಂತು.

ಊಟದ ತಟ್ಟೆಯಷ್ಟು ಅಗಲದ ಕುಂಡದಲ್ಲಿ ಒಂದು ಗೇಣುದ್ದದ ಮರ. ಹೆಸರು ಜುನಿಪರ್, ಚಳಿ ನಾಡಿನದು. ಟೊಂಗೆಗಳಿಗೆ ತಂತಿ ಸುತ್ತಿ ಮುದುಕನಂತೆ ಬಾಗಿಸಿದ್ದರು. ಶಾಲೆಯವರ ಜೊತೆ ಪುಣೆಗೆ ಪ್ರವಾಸ ಹೋದಾಗ ತಂಗಿ ಅದನ್ನು ತಂದಿದ್ದಳು. ಇದು ಉಳಿಯುವ ಗಿಡವಲ್ಲ ಎಂದು ಮಾರುವವನೇ ಹೇಳಿದ್ದನಂತೆ. ಅದಕ್ಕೇ ಆರಿಸಿಕೊಂಡಳಂತೆ. ಬೀಳಗಿಯ ಬಿಸಿಲಿನಲ್ಲಿ ನೆರಳು ಕಟ್ಟಿ ಅದನ್ನು ಉಳಿಸಿಯೂ ಇದ್ದಳು. ನಮ್ಮ ಮನೆಯಲ್ಲಿ ಪಾಟಿ, ಪುಸ್ತಕ, ಛತ್ರಿ ಎಲ್ಲವೂ ನನ್ನ ಕೈಯಿಂದ ಹಳೆಯದಾಗಿ ಅವಳಿಗೆ ಹೋದವು. ಯಾರಿಂದಲೂ ಇಳಿದು ಬರದ ಒಂದು ವಸ್ತು ಅವಳ ಹತ್ತಿರ ಇದ್ದರೆ ಅದು ಈ ಗಿಡ.

"ಅಣ್ಣಾ, ಇದನ್ನ ಹೊರಗಽ ಇಡು. ಒಳಗ ಒಯ್ಯಬ್ಯಾಡ. ಮಣ್ಣಿನಾಗ ಬೆರಳ ಇಟ್ಟ ನೋಡು, ಒಣಗಿದ್ರ ಅಷ್ಟ ನೀರ ಹಾಕು."

"ನನಗ ಗಿಡಾ ಸಾಕೋದು ಕಲಸ್ತೀಯೇನ? ನಿನ್ನನ್ನ ಎತ್ತಿ ಆಡಿಸಿ ದೊಡ್ಡಾಕಿ ಮಾಡಿದಾಂವ ನಾ."

"ಅದಕ್ಕಽ ಹೇಳಾಕತ್ತೇನಿ. ನಿನ್ನ ಕೈಯಾಗ ನಾ ಹ್ಯಾಂಗ ಉಳದೀನಿ ಅನ್ನೋದು ನನಗಽ ಗೊತ್ತು," ಎಂದು ಹೋದಳು.

ಬೇಸಿಗೆ ಜೋರಾಯಿತು. ಅಂಗಳದ ಬಿಸಿಲಿನಲ್ಲಿ ಆ ಪುಟ್ಟ ಮರವನ್ನು ನೋಡಿದರೆ ಕೂಸನ್ನು ಹೊರಗೆ ಮಲಗಿಸಿದಂತೆ ಅನಿಸುತ್ತಿತ್ತು. ಎತ್ತಿಕೊಂಡು ಹೋಗಿ ಮಗ್ಗದ ಮನೆಯ ಕಿಟಕಿಯಲ್ಲಿಟ್ಟೆ. ಬೇಸಿಗೆಯಲ್ಲಿ ನಾವು ಮಗ್ಗದ ಮನೆಯ ನೆಲಕ್ಕೆ ನೀರು ಚಿಮುಕಿಸುತ್ತಲೇ ಇರುತ್ತೇವೆ. ಗಾಳಿ ಒಣಗಿದರೆ ನೂಲು ಪಟಪಟ ಕಡಿಯುತ್ತದೆ, ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ಬಗ್ಗಿ ಗಂಟು ಹಾಕಿ ಹಾಕಿ ಸೊಂಟ ಹೋಗುತ್ತದೆ. ಒಣಗುವುದು ಅಂದರೆ ನನಗೆ ಜನ್ಮದ ವೈರಿ. ಹಾಗಾಗಿ ನೆಲಕ್ಕೆ ನೀರು ಹೊಡೆದಾಗಲೆಲ್ಲ ಗಿಡಕ್ಕೂ ಒಂದು ಬೊಗಸೆ ಹೊಡೆದೆ. ಮಣ್ಣಿಗೆ ಬೆರಳಿಟ್ಟು ನೋಡಲಿಲ್ಲ. ಕೆಸರಾಗಿರುವುದು ಕಣ್ಣಿಗೇ ಕಾಣುವಾಗ ಬೆರಳನ್ನೇಕೆ ಹೊಲಸು ಮಾಡಿಕೊಳ್ಳಬೇಕು?

ತುಳಸಿಯಾದರೆ ಒಂದು ದಿನ ಮರೆತರೂ ಮುಖ ಬಾಡಿಸಿಕೊಂಡು ಮನೆಮಂದಿಗೆಲ್ಲ ಸುದ್ದಿ ಮಾಡುತ್ತದೆ. ಜುನಿಪರ್ ಹಾಗಲ್ಲ. ಬೇರು ಕೊಳೆಯುತ್ತಿದ್ದರೂ ಮೇಲೆ ಹಸಿರಾಗಿಯೇ ಇರುತ್ತದೆ, ಸತ್ತ ಸುದ್ದಿಯನ್ನು ಎಷ್ಟೋ ವಾರ ತಡಮಾಡಿ ಹೇಳುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ನಾನು ಹತ್ತಿರದಿಂದ ದಿನಕ್ಕೊಂದು ಫೋಟೊ ತೆಗೆದು ತಂಗಿಗೆ ಕಳಿಸುತ್ತಿದ್ದೆ. "ನಿನ್ನ ಕೈಗುಣ ಭಾಳ ಛಲೋ ಐತಿ ಬಿಡಣ್ಣಾ" ಎಂದು ಅವಳು ಬರೆದರೆ ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ.

ಒಂದು ಮುಂಜಾನೆ ಕಸ ಹೊಡೆಯುತ್ತಿದ್ದ ಹೆಂಡತಿ ಕಿಟಕಿಯ ಹತ್ತಿರ ನಿಂತಳು. "ರೀ, ನಿಮ್ಮ ಕೈಗುಣಾ ನೋಡ ಬರ್ರಿ. ಕಬ್ಬಿನ ಒಣ ರವದಿ ಬಣ್ಣ ಬಂದೈತಿ."

ಗಿಡವನ್ನು ಅಂಗಳಕ್ಕೆ ಒಯ್ದೆ. ಮೊಬೈಲಿನಲ್ಲಿ ಯಾರೋ ತೋರಿಸಿದಂತೆ ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಜೀವ ಇದ್ದರೆ ಒಳಗೆ ಹಸಿರು ಕಾಣಬೇಕಂತೆ. ಮೇಲಿನ ಟೊಂಗೆಗಳೆಲ್ಲ ಒಣ ಕಟ್ಟಿಗೆ. ಕೆಳಗಿನ ಒಂದೇ ಒಂದು ಟೊಂಗೆಯಲ್ಲಿ ಹಸಿರು ಇತ್ತು. ಅಷ್ಟರಲ್ಲೇ ತಂಗಿಯ ಫೋನು.

"ಮನಿ ಸಿಕ್ಕಿತಣ್ಣಾ! ಮುಂದ ದೊಡ್ಡ ಅಂಗಳಾ ಐತಿ. ಐತಾರ ಬಂದ ಗಿಡಾ ಒಯ್ತೇನಿ. ಹ್ಯಾಂಗೈತಿ?"

"ಭಾಳ ಚಂದ ಐತಿ, ಬಾ," ಎಂದಿತು ನನ್ನ ಬಾಯಿ.

ರಬಕವಿಯಲ್ಲಿ ಬಟ್ಟೆಗೆ ಅಚ್ಚು ಹಾಕುವ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ಹೋಗಿ ಒಂದಿಷ್ಟು ಹಸಿರು ಬಣ್ಣ ಕೇಳಿದೆ.

"ಯಾವ ಹಸಿರ ಬೇಕಲೇ? ಗಿಣಿ ಹಸಿರೋ, ಎಲಿ ಹಸಿರೋ?"

"ಗಿಡದಂಥಾದ್ದು."

"ಯಾವ ಗಿಡಾ?"

"ಅದು ನಮ್ಮ ಕಡೆ ಬೆಳಿಯಂಗಿಲ್ಲ ಬಿಡು," ಎಂದೆ. ಇದೊಂದು ಮಾತು ಮಾತ್ರ ಅಂದು ಖರೆ ಆಡಿದ್ದು.

ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ, ಹಳೆಯ ಹಲ್ಲಿನ ಬ್ರಷ್ ಹಿಡಿದು ಅಂಗಳದಲ್ಲಿ ಕುಳಿತೆ. "ಗಿಡಕ್ಕ ಹಲ್ಲ ತಿಕ್ಕಾಕತ್ತೀರೇನ್ರಿ?" ಎಂದು ಹೆಂಡತಿ ನಕ್ಕಳು. ಮಾಡುತ್ತಿರುವುದು ಏನೆಂದು ತಿಳಿದ ಮೇಲೆ ನಗು ನಿಲ್ಲಿಸಿ, "ನನ್ನ ಹೆಸರ ಮಾತ್ರ ಇದರಾಗ ತರಬ್ಯಾಡ್ರಿ" ಎಂದು ಒಳಗೆ ಹೋದಳು. ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದೆ. ತುದಿಗೆ ತುಸು ಹಳದಿ ಬೆರೆಸಿ ಹೊಸ ಚಿಗುರು ಕೂಡ ತೋರಿಸಿದೆ. ಜೀವ ಇದ್ದ ಟೊಂಗೆಗೆ ಬಣ್ಣ ಮುಟ್ಟಿಸಲಿಲ್ಲ, ಅದಕ್ಕೆ ಉಸಿರು ಕಟ್ಟೀತೆಂದು. ಒಣಗಿದ ಮೇಲೆ ನೀರು ಸುರಿದು ನೋಡಿದೆ. ಹನಿ ಬಣ್ಣ ಬಿಡಲಿಲ್ಲ. ಪಕ್ಕಾ ಬಣ್ಣ.

ಐತವಾರ ಬಂದ ತಂಗಿ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. "ಅಯ್ಯ, ಎಷ್ಟ ಹಚ್ಚಗ ಆಗೈತಿ!" ಎಂದು ಎಲೆ ಮುಟ್ಟಿದಳು. "ಯಾಕ ಇಷ್ಟ ಬಿರಸು?"

"ನಮ್ಮೂರ ನೀರಽ ಹಂಗ. ನಿಮ್ಮ ವೈನಿ ಕೂದಲಾ ಮುಟ್ಟಿ ನೋಡು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ತಂಗಿ ನಕ್ಕಳು. ಆಮೇಲೆ ಕುಂಡ ತಿರುಗಿಸಿ ಕೆಳಗಿನ ಟೊಂಗೆ ಹಿಡಿದಳು. ಮೆರುಗು ಬಣ್ಣದ ನಡುವೆ ಅದೊಂದೇ ಮಂಕಾಗಿ, ಬೂದುಗಟ್ಟಿದಂತೆ ಕಾಣುತ್ತಿತ್ತು.

"ಇದಕ್ಕ ಏನೋ ರೋಗ ಹತ್ತೈತಣ್ಣಾ. ಹಂಗಽ ಬಿಟ್ರ ಉಳದದ್ದನ್ನೂ ಕೆಡಸ್ತೈತಿ. ಕತ್ತರಿ ಕೊಡು."

ಮಗ್ಗದವನ ಕತ್ತರಿ ಯಾವಾಗಲೂ ಜೇಬಿನಲ್ಲೇ ಇರುತ್ತದೆ. ತೆಗೆದು ಕೊಟ್ಟೆ. ಬಾಯಿ ತೆರೆದಿದ್ದರೆ ಗಿಡ ಉಳಿಯುತ್ತಿತ್ತೋ ಏನೋ, ನನ್ನ ಕೈಗುಣದ ಹೆಸರು ಹೋಗುತ್ತಿತ್ತು. ಅವಳು ಟೊಂಗೆಯನ್ನು ಬುಡಕ್ಕೇ ಕತ್ತರಿಸಿ, ಉಳಿದ ಹೆಣವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ನಾನು ಆ ಟೊಂಗೆಯನ್ನು ಉಸುಕಿನಲ್ಲಿ ಊರಿದೆ. ಅದು ಚಿಗುರಲಿಲ್ಲ.

ಸುಳ್ಳು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಗಿಡ ಮುಧೋಳದಲ್ಲಿ ಒಣಗುತ್ತದೆ, ಹವೆ ಹಿಡಿಸಲಿಲ್ಲ ಎಂದರಾಯಿತು. ಆದರೆ ಅದು ಒಣಗಿದ್ದನ್ನು ತೋರಿಸಬೇಕಲ್ಲ? ನನ್ನ ಬಣ್ಣ ಮಳೆಗೂ ಜಗ್ಗಲಿಲ್ಲ. ಶ್ರಾವಣ ಬಂತು. ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಫೋನು ಮಾಡಿದೆ.

"ಈ ಸಲ ಬರಾಕ ಆಗೂದಿಲ್ಲಣ್ಣಾ. ಗಿಡಕ್ಕ ಬೆರಳ ಇಟ್ಟ ನೋಡಿ ನೀರ ಹಾಕೋರು ಯಾರೂ ಇಲ್ಲ. ಇವರ ಕೈಯಾಗ ಕೊಟ್ರ ಮುಳುಗಿಸಿ ಕೊಲ್ತಾರ."

ಅವ್ವ ಹೋದ ಮೇಲೂ ಅವಳು ಒಂದು ಪಂಚಮಿ ತಪ್ಪಿಸಿದವಳಲ್ಲ. ಈಗ ಸತ್ತ ಗಿಡಕ್ಕೆ ನೀರು ಹಾಕುವುದಕ್ಕಾಗಿ ತವರು ಬಿಡುತ್ತಿದ್ದಳು. ಹೆಂಡತಿ ಉಂಡಿ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. "ಹೋಗಿ ಕರಕೊಂಡ ಬರ್ರಿ. ಕರಕೊಂಡ ಬರಲಿಲ್ಲಂದ್ರ ನೀವೂ ಬರಬ್ಯಾಡ್ರಿ," ಎಂದಳು.

ಮುಧೋಳದ ಅಂಗಳದಲ್ಲಿ ಅದಕ್ಕೊಂದು ಕಟ್ಟೆಯನ್ನೇ ಕಟ್ಟಿಸಿದ್ದಳು. ಅದರ ಮುಂದೆ ನಿಂತು ಹೇಳಿದೆ, "ಅದು ಸತ್ತೈತಿ ತಂಗಿ. ನಾ ಬಣ್ಣಾ ಹಚ್ಚೇನಿ."

ಚೇಷ್ಟೆ ಎಂದುಕೊಂಡು ನಕ್ಕಳು. ನಾನು ನಗದಿದ್ದಾಗ ಉಗುರಿನಿಂದ ಒಂದು ಟೊಂಗೆ ಕೆರೆದಳು. ಹಸಿರು ಪರೆಯಂತೆ ಎದ್ದು ಬಂತು, ಕೆಳಗೆ ಕಟ್ಟಿಗೆ. ಒಳಗೆ ಹೋಗಿ ಚೀಲ ತಂದಳು, ಕುಂಡವನ್ನೆತ್ತಿ ನನ್ನ ಕೈಗಿಟ್ಟಳು. "ನಡಿ. ಬರ್ತೇನಿ. ಇದನ್ನ ನೀನಽ ಹಿಡಕೊಂಡ ಕೂಡು."

ಹಬ್ಬದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ತೊಡೆಯ ಮೇಲೆ ಮರ ಇಟ್ಟುಕೊಂಡವನನ್ನು ಯಾರು ತಾನೇ ಮಾತಾಡಿಸದೆ ಬಿಡುತ್ತಾರೆ? "ಏನ ಚಂದ ಐತ್ರೀ ಗಿಡಾ!" ಎಂದು ಯಾರಾದರೂ ಅಂದರೆ ಸಾಕು, ತಂಗಿ ಬಸ್ಸಿಗೆಲ್ಲ ಕೇಳುವಂತೆ, "ಸತ್ತದ್ದಕ್ಕ ನಮ್ಮಣ್ಣ ಬಣ್ಣಾ ಹಚ್ಯಾನ್ರಿ, ಹಲ್ಲಿನ ಬ್ರಷ್‌ಲೇ" ಎನ್ನುತ್ತಿದ್ದಳು. ಕಂಡಕ್ಟರು ಎರಡು ಸಲ ತಿರುಗಿ ಬಂದು ನೋಡಿ ಹೋದ.

ಮಹಾಲಿಂಗಪುರ ಹತ್ತಿರ ಬರುವಾಗ ಅವಳು ದನಿ ತಗ್ಗಿಸಿದಳು. "ಅಣ್ಣಾ, ನಾ ಕತ್ತರಿಸಿದ್ದು ಒಂದು ಟೊಂಗಿ. ಅದಕ್ಕ ಬಣ್ಣಾ ಇರಲಿಲ್ಲ. ಹೌದಿಲ್ಲೋ?"

"ಹೌದು."

"ಅದು ಜೀವಂತ ಇತ್ತೇನ?"

ಇಲ್ಲ ಎಂದುಬಿಡಬಹುದಿತ್ತು. ಅವಳಿಗೂ ಸಮಾಧಾನ, ನನಗೂ. "ಇತ್ತು," ಎಂದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ನಿಂತಿತು. ಹತ್ತಿದ ಮುದುಕಿಯೊಬ್ಬಳು ನನ್ನ ತೊಡೆಯ ಕಡೆ ಬಗ್ಗಿ, "ಇದ್ಯಾವ ಗಿಡಾನೋ ಯಪ್ಪಾ?" ಎಂದಳು. ತಂಗಿ ಉತ್ತರ ಕೊಡುತ್ತಾಳೆಂದು ಕಾದೆ. ಅವಳು ಕಿಟಕಿಯಿಂದ ಮುಖ ತೆಗೆಯದೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಈ ಸಲ ನೀ ಹೇಳು. ಕತ್ತರಿ ಕೊಟ್ಟದ್ದೂ ಹೇಳು. ಗಟ್ಟಿಯಾಗಿ."

ಹೇಳಲು ಶುರು ಮಾಡಿದೆ.