ಓದದೇ ಉಳಿದ ಮುಸ್ಲಿಮರ ಭಾಗ

ನಮ್ಮ ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಬೈಕ್ ಮೆಕ್ಯಾನಿಕ್ ದಾದಾಪೀರ್ ಮೊನ್ನೆ ಮಟಮಟ ಮಧ್ಯಾಹ್ನ ಶಟರ್ ಎಳೆಯುತ್ತಿದ್ದ. ಮೈಮೇಲೆ ಇಸ್ತ್ರಿ ಅಂಗಿ ಬೇರೆ. ಯಾರದಪ್ಪಾ ಮದುವೆ ಎಂದೆ. ಮದುವೆಯಲ್ಲ, ಮಗಳ ಕಾಲೇಜಿನಲ್ಲಿ ಭಾಷಣ ಕೇಳಲು ಹೊರಟಿದ್ದನಂತೆ. (ಅಂಗಡಿ ಮುಚ್ಚಿ ಭಾಷಣ ಕೇಳಲು ಹೋಗುವವರನ್ನು ನೀವು ಯಾವಾಗಲಾದರೂ ನೋಡಿದ್ದೀರಾ?) ನಾನೂ ಅವನ ಬೈಕ್ ಹತ್ತಿದೆ.

ಭಾರತ ಬಿಟ್ಟು ತೊಲಗಿ ಚಳವಳಿಗೆ ಕರೆ ಕೊಟ್ಟು ಮಹಾತ್ಮರು ಮಾಡಿದ ಆ ಮುಂಬೈ ಭಾಷಣ ಗೊತ್ತಲ್ಲ? ಅದು ಬ್ರಿಟಿಷರಿಗೆ ಹೇಳಿದ್ದು ಅಂತಲೇ ನಾವೆಲ್ಲ ತಿಳಿದಿದ್ದೇವೆ. ಆದರೆ ಅದರಲ್ಲಿ ನಮ್ಮವರ ಜೊತೆಗಿನ ಮಾತೂ ಬೇಕಾದಷ್ಟಿದೆ. ಮುಸ್ಲಿಮರಿಗೆ, ಪತ್ರಕರ್ತರಿಗೆ, ರಾಜರಿಗೆ, ಸರ್ಕಾರಿ ನೌಕರರಿಗೆ, ವಿದ್ಯಾರ್ಥಿಗಳಿಗೆ. ಒಬ್ಬೊಬ್ಬರನ್ನೂ ಹತ್ತಿರ ಕರೆದು ಹೇಳಿದ ಹಾಗೆ.

ಕಾಲೇಜಿನವರು ಆ ಭಾಷಣದ ಒಂದೊಂದು ಭಾಗವನ್ನು ಒಬ್ಬೊಬ್ಬರಿಗೆ ಓದಲು ಹಂಚಿದ್ದರು. ಮುಸ್ಲಿಮರ ಭಾಗ ಯಾರಿಗೆ? ಇನ್ಯಾರಿಗೆ, ದಾದಾಪೀರ್ ಮಗಳು ಶಬಾನಾಗೆ.

ಆಕೆ ಒಪ್ಪಲಿಲ್ಲವಂತೆ. "ಸರ್, ಇದು ನಮಗ ಹೇಳಿದ ಮಾತು. ನಾವು ಕೇಳೋರು. ಓದೋರು ಬ್ಯಾರೇದೋರು ಆಗ್ಬೇಕಲ್ರಿ" ಎಂದಳಂತೆ. ಮೇಷ್ಟ್ರಿಗೂ ಹೌದೆನಿಸಿ ಅವಳ ಕ್ಲಾಸಿನ ಕೊಟ್ರೇಶನಿಗೆ ಆ ಹಾಳೆ ಕೊಟ್ಟರು. ಕೇಳುವುದಕ್ಕೆ ಆಕೆ ಅಪ್ಪನನ್ನು ಕರೆದಳು.

ಎರಡನೇ ಸಾಲಿನಲ್ಲಿ ಕೂತೆವು. ಗಣ್ಯರು ತಡವಾಗಿ ಬಂದರು. ಶಾಲು, ಹಾರ, ಫೋಟೋ. ಮತ್ತೆ ಫೋಟೋ. ರಾಜರ ಭಾಗವನ್ನು ಒಂದಕ್ಷರ ಬಿಡದೆ ಓದಿದರು. (ನಮ್ಮೂರಲ್ಲಿ ಈಗ ಯಾವ ರಾಜ ಇದ್ದಾನೆ ಸ್ವಾಮಿ?) ನೌಕರರ ಭಾಗಕ್ಕೆ ಜೋರು ಚಪ್ಪಾಳೆ. ಕೊನೆಗೆ ಕೊಟ್ರೇಶ ಮೈಕ್ ಮುಂದೆ ನಿಂತು ಹಾಳೆ ಬಿಡಿಸಿದ. ಅಷ್ಟರಲ್ಲಿ ನಿರೂಪಕರು ಸಮಯದ ಅಭಾವ ಎಂದರು. ವಂದನಾರ್ಪಣೆ. ಮುಗೀತು.

ಜನ ಎದ್ದರೂ ದಾದಾಪೀರ್ ಏಳಲಿಲ್ಲ. ಇನ್ನೂ ಯಾರೋ ಮಾತಾಡುತ್ತಾರೇನೋ ಎಂಬಂತೆ ಖಾಲಿ ಮೈಕ್ ನೋಡುತ್ತಿದ್ದ.

ಸಂಜೆ ಕೊಟ್ರೇಶ ಗ್ಯಾರೇಜಿಗೇ ಬಂದ. ಮುಖ ಸಣ್ಣದಾಗಿತ್ತು. ಚಾಚಾ, ಇಲ್ಲೇ ಓದಿಬಿಡ್ತೀನಿ ಎಂದು ಜೇಬಿನಿಂದ ಹಾಳೆ ತೆಗೆದ. ದಾದಾಪೀರ್ ಅವನಿಗೆ ಚಹಾ ತರಿಸಿದ. ಹಾಳೆಯನ್ನು ಮಾತ್ರ ಮಡಚಿ ಅವನ ಕೈಗೇ ಇಟ್ಟ.

"ಬ್ಯಾಡ ಬಿಡಪ. ಅಲ್ಲಿ ನಮಗ ಹೇಳಿದ್ರ ಎಲ್ಲಾರೂ ಕೇಳ್ತಿದ್ರು. ಇಲ್ಲಿ ನಾನೊಬ್ಬನ ಕೇಳಿ ಏನ್ ಮಾಡ್ಲಿ?"

ಆ ಹಾಳೆ ಇನ್ನೂ ಕೊಟ್ರೇಶನ ಹತ್ತಿರವೇ ಇದೆ. ನಿಮ್ಮೂರಿನ ವೇದಿಕೆಯಲ್ಲಿ ಐದು ನಿಮಿಷ ಸಿಗುತ್ತಾ?