ಬದುಕಿರುವಾಗಲೇ ಬಿಟ್ಟು ಓಡಿದರು

ಆ ವರ್ಷ ಮುಳಬಾಗಿಲಿನಲ್ಲಿ ಪ್ಲೇಗು. ಎರಡು ಮನೆ ಆಚೆ ಇಲಿ ಸತ್ತು ಬಿದ್ದಿತ್ತು. ಊರಾಚೆಯ ತೋಪಿನ ಗುಡಿಸಲಿಗೆ ಹೋಗಲು ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರು. ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು. ಕೈಕಾಲು ಜುಮ್ಮೆಂದವು. ಮೈಯೆಲ್ಲ ಬೆವರು. "ಅತ್ತೆ, ನಾನು ಸಾಯ್ತೀನಿ" ಅಂದು ಅಲ್ಲೇ ಕುಸಿದೆ.

"ಅಯ್ಯಯ್ಯೋ, ಇವಳಿಗೂ ಬಂತಲ್ಲೋ!" ಅಂತ ಅತ್ತೆ ಕಿರುಚಿದ್ದು ಕೇಳಿಸಿತು.

ಮುದ್ದೆ ಆರುವಷ್ಟರಲ್ಲಿ ಎಲ್ಲ ಇಳಿಯಿತು. ಎದ್ದು ಕೂತೆ.

ಮನೆಯಲ್ಲಿ ಒಬ್ಬರೂ ಇಲ್ಲ.

ತೊಟ್ಟಿಲೂ ಖಾಲಿ. ನನ್ನ ಎಳೇ ಮಗಳನ್ನೂ ಎತ್ತಿಕೊಂಡು ಹೋಗಿದ್ದರು. ನಮ್ಮ ಯಜಮಾನರು, ಪಂಚಾಯಿತಿ ಕಟ್ಟೆಯಲ್ಲಿ ಮೀಸೆ ತಿರುವೋ ಗಂಡಸು, ಚಪ್ಪಲಿ ಕೂಡ ಮೆಟ್ಟದೆ ಓಟ ಕಿತ್ತಿದ್ದರು.

ನನಗೆ ಪ್ಲೇಗಿನ ಗಡ್ಡೆ ಏಳಲಿಲ್ಲ, ಜ್ವರ ಬರಲಿಲ್ಲ. ಅವರು ನಾಲ್ಕು ದಿನ ತೋಪಿನಲ್ಲಿ ಮಗುವಿಗೆ ಮೇಕೆ ಹಾಲು ಕುಡಿಸಿ, ನಾನು ಸಾಯದೆ ಇದ್ದದ್ದನ್ನು ನೋಡಿ, ಆಮೇಲೆ ಬಂದು ನನ್ನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಪಲ್ಸ್ ನೋಡಿದರು, ಸ್ಟೆತಾಸ್ಕೋಪ್ ಇಟ್ಟರು. "ಹಾರ್ಟ್ ಚೆನ್ನಾಗಿದೆ. ಇದು ನರ್ವ್ಸ್. ಮನೇಲಿ ಯಾರಾದರೂ ತೀರಿಹೋದರೇನಮ್ಮ?"

ಹೋಗಿದ್ದಳು, ನಮ್ಮಕ್ಕ. ಹಿಂದಿನ ಪ್ಲೇಗಿನಲ್ಲಿ, "ಎದೆ ಹೊಡ್ಕೋತಿದೆ ಕಣೇ" ಅನ್ನುತ್ತಲೇ ಹೋದಳು. ಅಂದಿನಿಂದ ನಾನು ನನ್ನ ಎದೆಯ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಕೇಳಿದಷ್ಟೂ ಅದು ಜೋರಾಗುತ್ತಿತ್ತು, ಜೋರಾದಷ್ಟೂ ಹೆದರುತ್ತಿದ್ದೆ.

"ಹೆದರಿಕೆಯೇ ನಿಮ್ಮ ಕಾಯಿಲೆ. ಬರುತ್ತೆ, ಹೋಗುತ್ತೆ. ಅದರಿಂದ ಸಾಯಲ್ಲ ನೀವು" ಅಂದರು ಡಾಕ್ಟರು.

ಅತ್ತೆಗೆ ಅದು ಸಾಲಲಿಲ್ಲ. ಪ್ಲೇಗಲ್ಲ ಅಂದಮೇಲೆ ದೆವ್ವವೇ ಇರಬೇಕಲ್ಲ! ಪ್ಲೇಗು ಇಳಿದು ಮನೆಗೆ ವಾಪಸಾದ ಮೇಲೆ ಶ್ರೀನಿವಾಸಪುರದಿಂದ ಮಂತ್ರವಾದಿ ಬಂದ. ಬೇವಿನ ಸೊಪ್ಪಿನಲ್ಲಿ ನನಗೆ ಬಾರಿಸಿದ, ಕೋಳಿಸಾರು ಉಂಡು ತೇಗಿ ಹೋದ. ದೆವ್ವ ಹೋಯಿತೋ ಇಲ್ಲವೋ, ಅವನ ಹೊಟ್ಟೆಯಂತೂ ತುಂಬಿತು. ಯಜಮಾನರು "ಧೈರ್ಯ ಇರಬೇಕು ಕಣೇ" ಅಂತ ಉಪದೇಶ ಮಾಡಿದರು. ಧೈರ್ಯವಂತೆ! ಥೂ.

ಹಾಲೂಡಿಸುವಾಗ ಮಾತ್ರ ಮಗು ನನ್ನ ಕೈಗೆ. ಊಡಿಸಿದ ಕೂಡಲೇ ಅತ್ತೆ ಕಿತ್ತುಕೊಳ್ಳುತ್ತಿದ್ದರು, ಬೀಳಿಸಿಬಿಡ್ತಾಳೆ ಅಂತ. ಕಾಯಿಲೆಗಿಂತ ಅದೇ ನನ್ನನ್ನು ಕೊಲ್ಲುತ್ತಿತ್ತು.

ಒಂದು ಮಧ್ಯಾಹ್ನ ಮಗು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಆ ಹೆದರಿಕೆ ಬಂತು. ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ನನ್ನ ಮುಖ ನೋಡಿ ಅತ್ತೆ ಓಡಿ ಬಂದರು.

"ಕೊಡೇ ಮಗೂನ!"

"ಕೊಡಲ್ಲ ಅತ್ತೆ. ನೆಲದ ಮೇಲೆ ಕೂತಿದೀನಿ, ಬೀಳಿಸಲ್ಲ. ನಿಮಗೆ ಹೆದರಿಕೆಯಾದ್ರೆ ಆಚೆ ಹೋಗಿ."

ಎದೆ ಒಡೆದೇ ಹೋಗುತ್ತೆ ಅನ್ನಿಸಿತು. ನಡುಗುತ್ತಲೇ ತಬ್ಬಿಕೊಂಡಿದ್ದೆ. ಮಗಳು ಒಂದು ಗುಟುಕೂ ಬಿಡದೆ ಕುಡಿದು, ಹಾಗೇ ನಿದ್ದೆ ಹೋದಳು. ಅಷ್ಟರಲ್ಲಿ ನನ್ನದೂ ಇಳಿದಿತ್ತು. ಅತ್ತೆ ಗೊಣಗುತ್ತಾ ಹೊಸಿಲ ಹತ್ತಿರ ಕೂತಿದ್ದರು.

ಈಗಲೂ ಬರುತ್ತೆ, ಹೋಗುತ್ತೆ. ಆ ಡಾಕ್ಟರಿಗೆ ದೊಡ್ಡ ನಮಸ್ಕಾರ. ಮಗಳು ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ಎತ್ತಿಕೊಳ್ಳಬೇಕು ಅಂದರೆ ಅತ್ತೆ ಮೊದಲು ನನ್ನನ್ನು ಕೇಳುತ್ತಾರೆ.