ಹೂಂ ಅನ್ನುವವರು ಬೇಕು

ಗೆಳೆಯರೇ, ಇವತ್ತು ದೊಡವಾಡದ ನಮ್ಮ ಮನೆಯಲ್ಲಿ ಒಂದು ಕಥೆಪುಸ್ತಕಕ್ಕಾಗಿ ಜಗಳವೇ ಆಯಿತು. ಎರಡನೇ ಇಯತ್ತೆಯ ಮಗಳು ಅದನ್ನು ಮುಟ್ಟಲೊಲ್ಲಳು. "ಸುಮ್ನ ಕುಂತ ಓದು" ಎಂದು ಗದರಿದೆ.

"ಆಯಿ ಕಥಿ ಹೇಳುವಾಗ ನಾ ಹೂಂ ಅಂತೇನಿ. ನಾ ಓದಿದ್ರ ಯಾರ ಅಂತಾರ?" ಎಂದಳು.

ಜೋಳ ಹಸನು ಮಾಡುತ್ತಿದ್ದ ಅವಳ ಆಯಿ, ಅಂದರೆ ನಮ್ಮ ಅತ್ತೆ, "ನಾ ಅಂತೇನಿ, ಓದವ್ವಾ" ಎಂದರು.

ಓದು ಶುರುವಾಯಿತು. ಸಾಲಿಗೊಂದು ಹೂಂ. ನಡುವೆ ಅತ್ತೆಯ ಹೂಂ ನಿಂತಿತು. "ನರಿ ಯಾಕ ಸುಳ್ಳ ಹೇಳ್ತು? ನನಗ ತಿಳೀಲಿಲ್ಲ."

ಮಗಳು ಹಿಂದಿನ ಪುಟ ತೆಗೆದು ಮತ್ತೆ ಓದಿ, ಬಿಡಿಸಿ ಹೇಳಿದಳು. ಪುಸ್ತಕ ಮುಗಿದೇ ಹೋಯಿತು.

ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದೆ. ಅದೇ ಖುಷಿಯಲ್ಲಿ ಓದಿನ ಮಹತ್ವದ ಬಗ್ಗೆ ಇಬ್ಬರಿಗೂ ನಾಲ್ಕು ಮಾತು ಹೇಳಿದೆ. ಒಬ್ಬರೂ ಹೂಂ ಅನ್ನಲಿಲ್ಲ.